ಒಣಗದ ಪಾತ್ರೆಗಳ ತನಿಖೆ

ಕೆಲವರಿಗೆ ನಶ್ಯದ ಚಟ, ಕೆಲವರಿಗೆ ಇಸ್ಪೀಟಿನ ಚಟ. ನನಗಿರುವುದು ಬಿಚ್ಚುವ ಚಟ. ಗಡಿಯಾರ ನಿಂತರೆ ಬಿಚ್ಚುತ್ತೇನೆ. ನಿಲ್ಲದಿದ್ದರೆ ಇನ್ನೂ ಯಾಕೆ ನಿಂತಿಲ್ಲ ಎಂದು ನೋಡುವುದಕ್ಕೆ ಬಿಚ್ಚುತ್ತೇನೆ. ಮತ್ತೆ ಜೋಡಿಸುವಾಗ ಪ್ರತಿ ಸಲವೂ ಒಂದೆರಡು ಸ್ಕ್ರೂ ಮಿಗುತ್ತವೆ. ಹಾಗೆ ಮಿಕ್ಕವನ್ನು ಹಾಕಿಡಲು ನಮ್ಮ ಮನೆಯಲ್ಲಿ ಒಂದು ಹಳೇ ಬಿಸ್ಕತ್ತಿನ ಡಬ್ಬವಿದೆ. ನೆಂಟರು ಬಂದಾಗ ನನ್ನ ಹೆಂಡತಿ ಸರೋಜ ಅದನ್ನು ಕುಲುಕಿ ತೋರಿಸಿ, ಇಷ್ಟು ವರ್ಷದಲ್ಲಿ ಇವರು ಮಾಡಿರುವ ಉಳಿತಾಯ ಇದೊಂದೇ ಅನ್ನುತ್ತಾಳೆ. ಇಂಥ ನನ್ನ ಕೈಗೆ ಪಾತ್ರೆ ತೊಳೆಯುವ ಮಷೀನೊಂದು ಬಂದರೆ ಏನಾಗಬೇಕೋ ಅದೇ ಆಯಿತು.

ನಾವು ಜಯನಗರಕ್ಕೆ ಬಂದು ಎರಡು ವರ್ಷವಾಗಿತ್ತು. ಆಗ ಅಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ನಾನು ಒಂದು ಫ್ಯಾಕ್ಟರಿಯ ಡ್ರಾಯಿಂಗ್ ಆಫೀಸಿನಲ್ಲಿ ಕೆಲಸಕ್ಕಿದ್ದೆ. ಅಲ್ಲಿದ್ದ ಜರ್ಮನ್ ಇಂಜಿನಿಯರು ಊರಿಗೆ ಹೊರಡುವಾಗ ಮನೆಸಾಮಾನನ್ನೆಲ್ಲ ನಮಗೇ ಹಂಚಿಬಿಡುತ್ತೇನೆ ಎಂದ. ಚೀಟಿ ಎತ್ತಿದೆವು. ಒಬ್ಬನಿಗೆ ಫ್ರಿಜ್ಜು ಬಂತು, ಒಬ್ಬನಿಗೆ ರೇಡಿಯೋ ಬಂತು. ನನಗೆ ಬಂದದ್ದು ಈ ಮಷೀನು. ಎಲ್ಲರೂ ಅಯ್ಯೋ ಪಾಪ ಎಂದರು. ನನಗೆ ಮಾತ್ರ ಒಳಗೊಳಗೇ ಖುಷಿ, ಏಕೆಂದರೆ ಅದರಲ್ಲಿದ್ದಷ್ಟು ಸ್ಕ್ರೂ ಫ್ರಿಜ್ಜಿನಲ್ಲಿ ಇರಲಿಲ್ಲ. ಬೇಲಿಯಲ್ಲಿ ಹೋಗುವ ಓತಿಕ್ಯಾತವನ್ನು ಹೆಗಲ ಮೇಲೆ ಬಿಟ್ಟುಕೊಳ್ಳುವುದು ಅನ್ನುತ್ತಾರಲ್ಲ, ನಾನು ಅದನ್ನು ಎತ್ತಿನ ಗಾಡಿಯಲ್ಲಿ ಹೇರಿಸಿಕೊಂಡು ಮನೆಗೇ ತಂದೆ.

ತಂದ ಗಳಿಗೆಯೂ ಚೆನ್ನಾಗಿತ್ತು. ನಮ್ಮ ಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ಮುನಿಯಮ್ಮ ಮಗಳ ಬಾಣಂತನಕ್ಕೆಂದು ಮೂರು ತಿಂಗಳ ಮಟ್ಟಿಗೆ ಕೋಣನಕುಂಟೆಗೆ ಹೋಗಿದ್ದಳು. ಬೇರೆಯವರನ್ನು ಗೊತ್ತುಮಾಡುವುದು ಬೇಡವೇ ಬೇಡ ಎಂದು ಮಷೀನನ್ನು ಬಚ್ಚಲಿನ ಪಕ್ಕದ ಜಗಲಿಯಲ್ಲಿ ಪ್ರತಿಷ್ಠಾಪಿಸಿದೆ. ಮುಚ್ಚಳ ತೆಗೆದು ಪಾತ್ರೆ ಜೋಡಿಸಿ, ನಾಲ್ಕು ಬಕೆಟ್ ನೀರು ಸುರಿದು, ಗುಂಡಿ ಒತ್ತಿದರೆ ಆಯಿತು. ನೀರು ತಾನೇ ಕಾಯುತ್ತದೆ, ತೊಳೆಯುತ್ತದೆ, ಕೊಳೆ ನೀರು ಹೊರಗೆ ಹೋಗುತ್ತದೆ, ಕೊನೆಗೆ ಒಳಗಿನ ಕಾವಿಗೆ ಪಾತ್ರೆಗಳು ಗರಿಗರಿಯಾಗಿ ಒಣಗುತ್ತವೆ. ಹಾಗೆಂದು ಅದರ ಜೊತೆ ಬಂದ ಪುಸ್ತಕದಲ್ಲಿತ್ತು. ಪುಸ್ತಕ ಜರ್ಮನ್ ಭಾಷೆಯಲ್ಲಿತ್ತು, ನಾನು ಚಿತ್ರಗಳನ್ನು ಓದಿದೆ. ನಾಲ್ಕು ಬಕೆಟ್ ನೀರು ಯಾರು ಹೊರಬೇಕೆಂಬುದರ ಚಿತ್ರ ಮಾತ್ರ ಇರಲಿಲ್ಲ.

ಮೊದಲ ಭಾನುವಾರ ಊಟವಾದ ಮೇಲೆ ಗುಂಡಿ ಒತ್ತಿ, ಅದು ಗುರ್ ಎನ್ನುವುದನ್ನು ಕೇಳುತ್ತಾ ಹಾಯಾಗಿ ಮಲಗಿದೆ. ಎದ್ದು ಮುಚ್ಚಳ ತೆಗೆದರೆ ಪಾತ್ರೆಗಳೇನೋ ಫಳಫಳ ಹೊಳೆಯುತ್ತಿವೆ, ಆದರೆ ಎಲ್ಲವೂ ತೊಪ್ಪೆ! ಲೋಟಗಳ ತಳದಲ್ಲಿ ನೀರು, ತಟ್ಟೆಗಳ ಅಂಚಿನಲ್ಲಿ ನೀರು. ಮಾರನೆಯ ದಿನವೂ ಅದೇ ಕಥೆ. ವಾರ ಕಳೆಯುವಷ್ಟರಲ್ಲಿ ಒದ್ದೆ ಚಮಚದ ದೆಸೆಯಿಂದ ಸಾರಿನಪುಡಿ ಗಂಟುಕಟ್ಟಿತು, ಉಪ್ಪು ನೀರಾಯಿತು, ಹಪ್ಪಳದ ಡಬ್ಬದಲ್ಲಿದ್ದ ಹಪ್ಪಳಗಳು ಮಡಿಸಿದರೂ ಮುರಿಯದಷ್ಟು ಮೃದುವಾದವು. ಸರೋಜ ಒಂದೂ ಮಾತಾಡಲಿಲ್ಲ. ಅವಳು ಮಾತಾಡದಿದ್ದರೆ ನನಗೆ ಹೆಚ್ಚು ಭಯ.

ಅಷ್ಟರಲ್ಲಿ ಗಾಂಧಿ ಬಜಾರಿನಿಂದ ಮಾವಿನಮಿಡಿ ಬಂತು. ನಮ್ಮಮ್ಮನ ಮಿಡಿ ಉಪ್ಪಿನಕಾಯಿ ಎಂದರೆ ನಮ್ಮ ಮನೆಗೆ ವರ್ಷದ ಆಸ್ತಿ. ಜಾಡಿಯಲ್ಲಿ ಒಂದು ಹನಿ ನೀರಿದ್ದರೂ ಅಷ್ಟೂ ಬೂಷ್ಟು ಹಿಡಿದು ಹೋಗುತ್ತದೆ. ಪ್ರತಿ ವರ್ಷ ಅಮ್ಮ ಜಾಡಿಗಳನ್ನು ತೊಳೆದು ಬಿಸಿಲಲ್ಲಿ ಒಣಗಿಸಿ, ಕಾಗೆಯನ್ನೂ ಹತ್ತಿರ ಸುಳಿಯಗೊಡದೆ ಕಾಯುತ್ತಿದ್ದಳು. ನಾನು ಎದೆಯುಬ್ಬಿಸಿ ಹೇಳಿಬಿಟ್ಟೆ: "ಈ ಸಲ ಜಾಡಿ ಮಷೀನಲ್ಲೇ ಒಣಗುತ್ತೆ ಅಮ್ಮ. ಒಣಗದಿದ್ರೆ ಮುನಿಯಮ್ಮ ಬರೋ ತನಕ ಮನೆ ಪಾತ್ರೆ ಕೆಲಸ ಎಲ್ಲಾ ನಂದೇ."

ಸರೋಜ ಒಳಗಿನಿಂದ, "ಅತ್ತೆ, ಕೇಳಿಸ್ಕೊಂಡ್ರಲ್ಲ?" ಎಂದಳು. ಅಮ್ಮ ಮಿಡಿಯ ತೊಟ್ಟು ಬಿಡಿಸುತ್ತಾ ಕೇಳಿಸಿತು ಎಂದಳು. ಮಿಡಿ ಉಪ್ಪಿನಲ್ಲಿ ಮುರುಟುವುದಕ್ಕೆ ಹತ್ತು ದಿನ. ನನಗಿದ್ದ ಗಡುವೂ ಅಷ್ಟೇ.

ತನಿಖೆ ಆರಂಭವಾಯಿತು. ಜಗಲಿಯ ನೆಲ ಓರೆಯಾಗಿದೆ, ಅದಕ್ಕೇ ನೀರು ನಿಲ್ಲುತ್ತಿದೆ ಎಂದು ಮಷೀನಿನ ಒಂದು ಕಾಲಿನ ಕೆಳಗೆ ಇಟ್ಟಿಗೆಯ ಚೂರು ಕೊಟ್ಟೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಮ್ಮಲ್ಲಿ ನೆಲ ನೆಟ್ಟಗಾದ ಮೇಲೆ ಮಷೀನೇ ಕುಣಿಯತೊಡಗಿತು, ಕುಣಿದು ಕುಣಿದು ತುಳಸಿಕಟ್ಟೆಯ ತನಕ ಹೋಯಿತು. ಪಾತ್ರೆಗಳನ್ನು ಬೋರಲು ಹಾಕಿದೆ, ಓರೆಯಾಗಿ ನಿಲ್ಲಿಸಿದೆ. ಸೋಪಿನ ಪುಡಿ ಬದಲಿಸಿದೆ. ನಿಂಬೆರಸ ಹಿಂಡಿದರೆ ನೀರು ಜಾರಿಹೋಗುತ್ತದೆಂದು ಯಾರೋ ಹೇಳಿದ್ದಕ್ಕೆ ಆರು ನಿಂಬೆಹಣ್ಣು ಹಿಂಡಿದೆ. ಆ ದಿನ ಕಾಫಿ ಒಡೆಯಿತು. ಕೊನೆಗೆ ನಮ್ಮ ಫ್ಯಾಕ್ಟರಿಯ ಎಲೆಕ್ಟ್ರಿಕಲ್ ವಿಭಾಗದ ಶಾಮಣ್ಣನನ್ನು ಕರೆತಂದೆ. ಅವನು ಮೂರು ಸಲ ಕಾಫಿ ಕುಡಿದು, ಒಳಗಿನ ಹೀಟರನ್ನು ಬೆರಳಲ್ಲಿ ಮುಟ್ಟಿ, ಚುರ್ ಎನಿಸಿಕೊಂಡು, ಹೀಟರು ಸರಿಯಾಗಿದೆ ಎಂದು ಅಭಿಪ್ರಾಯ ಕೊಟ್ಟ.

ಆಮೇಲೆ ಒಂದು ದಿನ ರಜೆ ಹಾಕಿ ಮಷೀನಿನ ಮುಂದೆಯೇ ಮಣೆ ಹಾಕಿಕೊಂಡು ಕೂತೆ. ಹತ್ತು ನಿಮಿಷಕ್ಕೊಮ್ಮೆ ನೋಟ್‌ಬುಕ್ಕಿನಲ್ಲಿ ಬರೆದೆ: ಗುರ್ ಎನ್ನುತ್ತಿದೆ, ಇನ್ನೂ ಗುರ್ ಎನ್ನುತ್ತಿದೆ, ನಿಂತಿತು. ಅಮ್ಮ ಎರಡು ಸಲ ಬಂದು, ಹೋಗಿ ಸ್ವಲ್ಪ ಮಲಗೋ ಎಂದಳು. ನಾನು ಜಗ್ಗಲಿಲ್ಲ. ಅರ್ಧ ಗಂಟೆ ಕಾವಿನಲ್ಲಿ ಬಿಟ್ಟು ಮುಚ್ಚಳ ತೆಗೆದರೆ, ಏನು ಹೇಳಲಿ, ಪಾತ್ರೆಗಳೆಲ್ಲ ಸುಟ್ಟ ಹಪ್ಪಳದ ಹಾಗೆ ಒಣಗಿದ್ದವು! ನಾನೇ ಅಷ್ಟನ್ನೂ ತೆಗೆದು ಅಡಿಗೆಮನೆಯಲ್ಲಿ ಜೋಡಿಸಿ ಇಡೀ ಮನೆಗೆ ಸಾರಿದೆ. ಆ ಸಂಜೆ ಅಮ್ಮ ತಟ್ಟೆ ಬೇಡವೆಂದು ಮುತ್ತುಗದ ಎಲೆಯಲ್ಲಿ ಊಟ ಮಾಡಿದಳು. ಯಾವುದೋ ವ್ರತವಿರಬೇಕು ಅಂದುಕೊಂಡೆ. ಮಾರನೆಯ ದಿನ ನಾನು ಆಫೀಸಿಗೆ ಹೋಗಿ ಬರುವಷ್ಟರಲ್ಲಿ ಪಾತ್ರೆಗಳು ಮತ್ತೆ ತೊಪ್ಪೆ.

ಆಗ ನನಗೊಂದು ಸಿದ್ಧಾಂತ ಹೊಳೆಯಿತು. ನಮ್ಮ ಸೂಪರಿಂಟೆಂಡೆಂಟರು ಬೆನ್ನ ಹಿಂದೆ ನಿಂತರೆ ಮಾತ್ರ ನಾವು ಗೆರೆ ಎಳೆಯುತ್ತೇವೆ, ಇಲ್ಲದಿದ್ದರೆ ಕಡಲೆಕಾಯಿ ತಿನ್ನುತ್ತೇವೆ. ಈ ಮಷೀನೂ ಅದೇ ಫ್ಯಾಕ್ಟರಿಯ ಸಹವಾಸದಲ್ಲಿದ್ದು ಬಂದದ್ದಲ್ಲವೇ? ಯಜಮಾನ ಎದುರಿಗಿದ್ದರೆ ಮಾತ್ರ ಒಣಗಿಸುತ್ತದೆ! ಇದನ್ನು ಆಫೀಸಿನಲ್ಲಿ ಗಂಭೀರವಾಗಿಯೇ ಹೇಳಿದೆ. ಶಾಮಣ್ಣ ಸುಟ್ಟ ಬೆರಳು ಊದಿಕೊಳ್ಳುತ್ತಾ ಇದ್ದರೂ ಇರಬಹುದು ಎಂದ.

ಉಪ್ಪಿನಕಾಯಿ ಹಾಕುವ ದಿನ ಬಂತು. ಭಾನುವಾರ. ಮಿಡಿ ಮುರುಟಿತ್ತು, ಕಾರ ರುಬ್ಬಿಯಾಗಿತ್ತು, ಆಕಾಶದಲ್ಲಿ ಮೋಡ ಕವಿದಿತ್ತು, ಹೊರಗೆ ಜಿಟಿಜಿಟಿ ಮಳೆ. ಬಿಸಿಲಿನ ಆಸೆಯೇ ಇಲ್ಲ, ನನ್ನ ಮಷೀನೇ ಗತಿ. ಜಾಡಿಗಳನ್ನು ಒಳಗಿಟ್ಟು ಮಣೆಯ ಮೇಲೆ ಕೂತೆ. ಮಷೀನು ನಿಂತ ಸ್ವಲ್ಪ ಹೊತ್ತಿಗೆ ಅಮ್ಮ ಬಂದು, ಇಂಗು ಸಾಲದು, ಅಂಗಡಿಯಿಂದ ತಗೊಂಡು ಬಾ ಎಂದಳು. ಹೊರಟೆ. ಗೇಟಿನ ತನಕ ಹೋದವನಿಗೆ ಛತ್ರಿ ಮರೆತದ್ದು ನೆನಪಾಗಿ ವಾಪಸ್ಸು ಬಂದೆ. ನೋಡಿದರೆ ಅಮ್ಮ ಮಷೀನಿನ ಮುಚ್ಚಳ ಎತ್ತಿ, ಏನೋ ಮಂತ್ರ ಹೇಳುತ್ತಾ, ಬಿಸಿ ಜಾಡಿಗಳ ಮೇಲೆ ಚೊಂಬಿನಿಂದ ತಣ್ಣೀರು ಸುರಿಯುತ್ತಿದ್ದಾಳೆ!

"ಅಮ್ಮ, ಏನು ಮಾಡ್ತಿದ್ದೀಯ?"

ಅಮ್ಮ ಬೆಚ್ಚಲೂ ಇಲ್ಲ. "ಎಂಜಲು ತಟ್ಟೆ, ಅನ್ನದ ಪಾತ್ರೆ ಎಲ್ಲಾ ಒಟ್ಟಿಗೆ ಹಾಕಿ ತಿರುಗಿಸೋ ಮಷೀನು. ಮೇಲೆ ಒಂದು ಚೊಂಬು ಮಡಿನೀರು ಬೀಳದೆ ಅದು ಅಡಿಗೆಮನೆಗೆ ಹೇಗೋ ಬರುತ್ತೆ? ಮುನಿಯಮ್ಮ ತೊಳೆದಾಗಲೂ ಹಾಕ್ತಿದ್ದೆನಲ್ಲ."

"ದಿನಾ ಹಾಕ್ತಿದ್ಯಾ? ನಂಗೆ ಯಾಕೆ ಹೇಳಲಿಲ್ಲ?"

"ನೀನು ನನ್ನ ಕೇಳಿದ್ಯಾ? ಪುಸ್ತಕನ ಕೇಳಿದೆ, ಶಾಮಣ್ಣನ್ನ ಕೇಳಿದೆ, ರಜೆ ಹಾಕಿ ಮಷೀನ್ ಮುಂದೆ ಕೂತು ಅದನ್ನೇ ಕೇಳಿದೆ. ಒದ್ದೆ ಒರೆಸಿದ್ರೆ ಹೋಗುತ್ತೆ ಕಣೋ. ಎಂಜಲು ಒರೆಸಿದ್ರೆ ಹೋಗುತ್ತಾ?"

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ಅಷ್ಟು ದಿನ ಊರಿಗೆಲ್ಲ ಹೇಳಿಕೊಂಡು ಬಂದವನು ನಾನು. ಸಿಟ್ಟು ಬಂತು, ನಗುವೂ ಬಂತು, ಎಲ್ಲಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು. ಸರೋಜಳ ಹತ್ತಿರ ಹೋಗಿ, ನಿನಗೆ ಗೊತ್ತಿತ್ತಾ ಎಂದೆ. "ಮೊದಲನೇ ದಿನಾನೇ ಗೊತ್ತಿತ್ತು," ಎಂದಳು. "ಹೇಳಿದ್ರೆ ಅತ್ತೆ ಹತ್ರ ಜಗಳ ಆಡ್ತಿದ್ರಿ. ಮಷೀನ್ ಹತ್ರ ಆಡಿದ್ರೆ ಅದು ಬೇಜಾರು ಮಾಡ್ಕೊಳಲ್ಲ."

ಆದರೆ ಮಾತು ಮಾತೇ. ಜಾಡಿಗಳನ್ನು ಈಗ ನಾನೇ ಒರೆಸಿ ಒಣಗಿಸಬೇಕು. ಟವಲು ಹಿಡಿದು ಹೊರಟರೆ ಅಮ್ಮ ಅಡ್ಡ ನಿಂತಳು. ಮಡಿನೀರು ಬಿದ್ದ ಜಾಡಿಯನ್ನು ಮೈಲಿಗೆಯಲ್ಲಿ ಮುಟ್ಟುವ ಹಾಗಿಲ್ಲ, ಸ್ನಾನ ಮಾಡಿ ಮಡಿಯಲ್ಲಿ ಬಾ ಎಂದಳು. ಸ್ನಾನ ಮಾಡಿದೆ. ಮಳೆಯಾದ್ದರಿಂದ ಒಣಗಿದ ಮಡಿಪಂಚೆ ಮನೆಯಲ್ಲಿ ಒಂದೂ ಇರಲಿಲ್ಲ. ಒದ್ದೆ ಪಂಚೆಯೇ ಮಡಿ ಎಂದಾಯಿತು. ಒಂದು ತಂಬಿಗೆ ನೀರು ಬಸಿಯುವ ಪಂಚೆ ಉಟ್ಟುಕೊಂಡು, ನನ್ನ ಮೈಯಿಂದ ಒಂದು ಹನಿಯೂ ಜಾಡಿಗೆ ಬೀಳದ ಹಾಗೆ ಎರಡು ಕೈ ಮುಂದಕ್ಕೆ ಚಾಚಿ, ಒಲೆಯ ಮೇಲೆ ಒಣಗಿಸಿದ ಮಡಿಬಟ್ಟೆಯಿಂದ ಒಂದು ಗಂಟೆ ಒರೆಸಿದೆ. ಮುನಿಯಮ್ಮ ಬರುವ ತನಕ ದಿನವೂ ಇದೇ ಏರ್ಪಾಡು: ಮಷೀನು ಒಣಗಿಸುವುದು, ಅಮ್ಮ ನೀರು ಸುರಿಯುವುದು, ಒದ್ದೆ ಪಂಚೆಯಲ್ಲಿ ನಾನು ಒರೆಸುವುದು.

ಆ ವರ್ಷದ ಉಪ್ಪಿನಕಾಯಿಗೆ ಬೂಷ್ಟು ಹಿಡಿಯಲಿಲ್ಲ. ಬಂದ ನೆಂಟರಿಗೆಲ್ಲ ಬಡಿಸುತ್ತಾ ಅಮ್ಮ ಹೆಮ್ಮೆಯಿಂದ, "ಎಲ್ಲಾ ನಮ್ಮ ಮಷೀನಿನ ಗುಣ. ಪಾತ್ರೆ ಎಷ್ಟು ಚೆನ್ನಾಗಿ ಒಣಗಿಸುತ್ತೆ ಅಂತೀರಿ!" ಎನ್ನುತ್ತಿದ್ದಳು. ನೆಂಟರು ಅದನ್ನು ನೋಡಲು ಜಗಲಿಗೆ ಬಂದರೆ, ಮಷೀನಿನ ಪಕ್ಕದಲ್ಲಿ ಲೋಟ ಒರೆಸುತ್ತಾ, ತೊಟ್ಟಿಕ್ಕುತ್ತಾ, ನಾನು ಸೀನುತ್ತಿದ್ದೆ.