ಇಂಟರ್ವಲ್‌ಗೆ ಮೊದಲು ಸಾಯುವ ಅಮ್ಮ

ವೇಷ ಹಾಕುವವರ ಬದುಕಿನಲ್ಲಿ ನಗೆಪಾಟಲು ತಪ್ಪಿದ್ದಲ್ಲ. ಅದರಲ್ಲೂ ದೋಹಾದಲ್ಲಿ ಕೂತು ಮುದುಕಿಯ ವೇಷ ಹಾಕುವವಳಿಗೆ ಸ್ಟೇಜಿನ ಮೇಲೂ ಕೆಳಗೂ ಒಂದಲ್ಲ ಒಂದು ಆಗುತ್ತಲೇ ಇರುತ್ತದೆ. ವಾರವಿಡೀ ನಾನು ಒಂದು ಕಂಪನಿಯ ಆಫೀಸಿನಲ್ಲಿ ಫೋನ್ ಎತ್ತುವವಳು, ಶುಕ್ರವಾರ ಮಾತ್ರ ನಟಿ. ನಾಟಕ, ರೇಡಿಯೊ, ಜಾಹೀರಾತು ಎಲ್ಲದರಲ್ಲೂ ನನಗೆ ಸಿಗುವುದು ಅಮ್ಮ, ಅತ್ತೆ, ಇಲ್ಲವೇ ಅಜ್ಜಿ.

೧. ಮಗನ ಮೊಣಕಾಲು

ಇಲ್ಲಿನ ನಮ್ಮ ಕನ್ನಡ ಸಂಘದ ನಾಟಕದಲ್ಲಿ ಮೊದಲ ಸಲ ಹೀರೋನ ಅಮ್ಮನಾದಾಗ ನನಗಿನ್ನೂ ಮೂವತ್ತು ತುಂಬಿರಲಿಲ್ಲ. ಹೀರೋ ತಲೆಗೆ ಬಣ್ಣ ಹಚ್ಚುವ ವಯಸ್ಸಿನವರು.

"ನನಗೆ ಯಾಕೆ ಅಮ್ಮನ ಪಾತ್ರ?" ಎಂದು ನಿರ್ದೇಶಕರನ್ನು ಕೇಳಿದೆ.

"ನಿಮ್ಮ ಸ್ವರದಲ್ಲಿ ಒಂದು ಗದರಿಕೆ ಉಂಟಲ್ಲ ಅಕ್ಕ, ಅದು ಹೀರೋಯಿನ್‌ಗೆ ಆಗುವುದಿಲ್ಲ" ಎಂದರು. ಪಕ್ಕದಲ್ಲಿದ್ದ ನನ್ನ ಗಂಡ ಹೌದೆಂದು ತಲೆಯಾಡಿಸಿದರು. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ನಾಟಕದ ದಿನ ಮಗ ನನ್ನ ಕಾಲಿಗೆ ಬಿದ್ದ. "ಏಳು ಮಗಾ" ಎಂದೆ. ಏಳಲಿಲ್ಲ. ಇನ್ನೊಮ್ಮೆ ಹೇಳಿದೆ. "ಮೊಣಕಾಲು ಹಿಡಿದಿದೆ, ಸ್ವಲ್ಪ ಎತ್ತಿ ಮಾರಾಯ್ತಿ" ಎಂದು ಹೀರೋ ನೆಲದಿಂದಲೇ ಪಿಸುಗುಟ್ಟಿದರು. ಕಂಕುಳಿಗೆ ಕೈ ಹಾಕಿ ಒಂದೇ ಸಲಕ್ಕೆ ಎತ್ತಿ ನಿಲ್ಲಿಸಿದೆ. ಮುಂದಿನ ಸೀನಿನಲ್ಲಿ ನಾನು ನಿಶ್ಶಕ್ತಿಯಿಂದ ಸತ್ತದ್ದನ್ನು ಯಾರೂ ನಂಬಲಿಲ್ಲ.

೨. ಸತ್ತ ಮೇಲೆ ಗೋಳಿಬಜೆ

ನಮ್ಮಲ್ಲಿ ಒಂದು ಕ್ರಮ ಉಂಟು. ಪಾತ್ರ ಮುಗಿದವರು ಇಂಟರ್ವಲ್‌ನಲ್ಲಿ ಚಾ, ಗೋಳಿಬಜೆ ಹಂಚಬೇಕು. ಹಂಚುವುದರಲ್ಲಿ ನನ್ನ ಕೈ ಬೇಗ ಎಂದು ಗೊತ್ತಾದ ಮೇಲೆ ಪ್ರತಿ ವರ್ಷವೂ ಇಂಟರ್ವಲ್‌ಗೆ ಮೊದಲೇ ನನ್ನನ್ನು ಸಾಯಿಸತೊಡಗಿದರು. ನಾನು ಕೆಮ್ಮುತ್ತೇನೆ, ಎದೆ ಹಿಡಿದುಕೊಳ್ಳುತ್ತೇನೆ, ಪರದೆ ಬೀಳುತ್ತದೆ. ಅದೇ ಬಿಳಿ ಸೀರೆಯಲ್ಲಿ ಕೌಂಟರಿಗೆ ಓಡುತ್ತೇನೆ.

"ಅಕ್ಕ, ಸತ್ತದ್ದು ಭಾರೀ ಲಾಯ್ಕ ಆಯ್ತು. ಚಟ್ನಿ ಸ್ವಲ್ಪ ಜಾಸ್ತಿ ಹಾಕಿ" ಎನ್ನುತ್ತಾರೆ ಜನ.

ಉಡುಪಿಯಲ್ಲಿರುವ ನನ್ನ ಅಮ್ಮ ಎಲ್ಲವನ್ನೂ ವಿಡಿಯೋ ಕಾಲ್‌ನಲ್ಲಿ ನೋಡುತ್ತಾಳೆ. ಫೋನ್ ಹಿಡಿಯುವವರು ನನ್ನ ಗಂಡ. ನಾನು ಸತ್ತ ಕೂಡಲೇ ಅವರೂ ಗೋಳಿಬಜೆಯ ಸಾಲಿಗೆ ಓಡುವುದರಿಂದ ಅಮ್ಮನಿಗೆ ನಾಟಕ ಅಲ್ಲಿಗೇ ಖಲಾಸ್.

"ವರ್ಷ ವರ್ಷ ಮಗಳು ಸಾಯುವುದನ್ನು ಎಷ್ಟು ನೋಡುವುದು? ಒಂದು ಸಲವಾದರೂ ಕೊನೆಯವರೆಗೆ ಬದುಕು ಮಗಾ. ಎಲ್ಲರ ಜೊತೆ ನಿಂತು ಕೈ ಮುಗಿಯುವಾಗ ನಿನ್ನನ್ನು ನೋಡಬೇಕು" ಎಂದಳು ಒಮ್ಮೆ. ನನಗೂ ಇದ್ದದ್ದು ಅದೊಂದೇ ಆಸೆ. ನಿರ್ದೇಶಕರಿಗೆ ಹೇಳಿದರೆ, "ಬದುಕಬಹುದಿತ್ತು ಅಕ್ಕ, ಆದರೆ ಚಾ ಯಾರು ಕೊಡುವುದು?" ಎಂದರು.

೩. ಸೊಸೆಯ ಪಾಲು

ರೇಡಿಯೊ ನಾಟಕದಲ್ಲಿ ಸೊಸೆಗೆ ಊಟ ಹಾಕದ ಅತ್ತೆಯಾದೆ. ಅದೇ ವಾರ ಸೂಕ್ ವಾಕಿಫ್ ಪೇಟೆಯಲ್ಲಿ ನಮ್ಮ ಊರ ಕಡೆಯ ಬ್ಯಾರಿ ಸಾಹೇಬರ ಅಂಗಡಿಗೆ ಹೋಗಿ ಕಾಳುಮೆಣಸು ಕೇಳಿದೆ. ಸ್ವರ ಕೇಳಿ ಅವರು ತಕ್ಕಡಿ ಕೆಳಗಿಟ್ಟರು.

"ರೇಡಿಯೊದ ಅತ್ತೆ ನೀವೇ ಅಲ್ವಾ? ಆ ಪಾಪದ ಹುಡುಗಿಗೆ ಊಟ ಕೊಡಿ ಮಾರಾಯ್ರೆ!"

ನನಗಿರುವುದು ನಾಲ್ಕನೇ ಕ್ಲಾಸಿನ ಒಬ್ಬ ಮಗಳು, ಸೊಸೆ ಎಲ್ಲಿಂದ ಬರಬೇಕು ಎಂದು ಎಷ್ಟು ಹೇಳಿದರೂ ಅವರು ಕೇಳಲಿಲ್ಲ. ಕೊನೆಗೆ ಒಂದು ಪೊಟ್ಟಣ ಖರ್ಜೂರ ಕೈಗಿಟ್ಟು, "ಇದು ಅವಳಿಗೆ. ನೀವು ಮುಟ್ಟಬಾರದು" ಎಂದರು.

೪. ಕೈ ಮಾತ್ರ

ದೋಹಾದ ಹೊರಗೆ ಉಮ್ಮ್ ಸಲಾಲ್‌ನ ಒಂದು ವಿಲ್ಲಾದಲ್ಲಿ ಅಕ್ಕಿಯ ಜಾಹೀರಾತಿಗೆ ಅಜ್ಜಿಯಾಗಿ ಇಡೀ ದಿನ ಅನ್ನ ಬಡಿಸಿ ನಕ್ಕೆ. ಕೊನೆಗೆ ಪರದೆಯ ಮೇಲೆ ಬಂದದ್ದು ಸೌಟು ಹಿಡಿದ ನನ್ನ ಕೈ ಮಾತ್ರ. ಅಳು ಬಂತು. ಅಮ್ಮ ಮಾತ್ರ ಬಳೆ ನೋಡಿಯೇ ಗುರುತು ಹಿಡಿದು ಅಕ್ಕಪಕ್ಕದವರನ್ನೆಲ್ಲ ಕರೆದು ತೋರಿಸಿದಳಂತೆ.

"ಮುಖ ಎಲ್ಲಿ?" ಎಂದು ಒಬ್ಬರು ಕೇಳಿದರಂತೆ.

"ಮುಖ ತೋರಿಸಿದರೆ ಅಕ್ಕಿಯನ್ನು ಯಾರು ನೋಡ್ತಾರೆ?" ಎಂದಳಂತೆ ಅಮ್ಮ.

೫. ಒಂದೇ ಕೆಮ್ಮು

ಈ ವರ್ಷ ನಾಟಕಕ್ಕೆ ಹೊಸ ನಿರ್ದೇಶಕಿ. ಅವಳ ಕಥೆಯಲ್ಲಿ ನಾನು ಅಜ್ಜಿ, ಆದರೆ ಆ ಅಜ್ಜಿ ಸಾಯುವುದಿಲ್ಲ. ನನ್ನ ಸಂತೋಷ ಹೇಳತೀರದು. ಅಮ್ಮನಿಗೆ ಈ ವಿಷಯ ಹೇಳಲಿಲ್ಲ, ನೋಡಿಯೇ ಖುಷಿಪಡಲಿ ಎಂದು.

ಅಂದು ಹೊರಗೆ ಧೂಳುಗಾಳಿ. ಎರಡನೇ ಸೀನಿನಲ್ಲಿ ಗಂಟಲು ಕೆರೆದು ಒಮ್ಮೆ ಕೆಮ್ಮಿದೆ. ಅಷ್ಟೇ. ಕುರ್ಚಿಗಳು ದಡದಡ ಸರಿದವು. ನಾನು ಕೆಮ್ಮಿದರೆ ಇಂಟರ್ವಲ್ ಎಂದು ಇಷ್ಟು ವರ್ಷ ಕಲಿತ ಜನ, ಪಾಪ! "ಯಲ್ಲಾ, ಯಲ್ಲಾ! ಬೇಗ ಬನ್ನಿ, ಕ್ಯೂ ಆಗ್ತದೆ" ಎಂದು ಯಾರೋ ಅರಬ್ಬಿ ಬೆರೆಸಿ ಕೂಗಿದರು. ಅರ್ಧ ಹಾಲ್ ಬಾಗಿಲಲ್ಲಿತ್ತು.

ಪಾತ್ರ, ಸಂಭಾಷಣೆ ಎಲ್ಲ ಮರೆತು ಕಿರುಚಿದೆ. "ಕೂತ್ಕೊಳ್ಳಿ ಮಾರಾಯ್ರೆ! ಈ ಸಲ ನಾನು ಸಾಯುವುದಿಲ್ಲ!"

ಅಷ್ಟು ದೊಡ್ಡ ಚಪ್ಪಾಳೆ ನನಗೆ ಎಂದೂ ಬಿದ್ದಿರಲಿಲ್ಲ. ಎಲ್ಲರೂ ತಿರುಗಿ ಬಂದು ಕೂತರು. ಕೊನೆಯ ಸೀನಿನವರೆಗೆ ಬದುಕಿದೆ, ಎಲ್ಲರ ನಡುವೆ ನಿಂತು ಕೈ ಮುಗಿದೆ. ಕಣ್ಣು ತುಂಬಿತ್ತು. ಮೇಕಪ್ ಕೂಡ ತೆಗೆಯದೆ ಓಡಿಹೋಗಿ ಅಮ್ಮನಿಗೆ ಫೋನ್ ಮಾಡಿದೆ.

"ನೋಡಿದೆಯಾ ಅಮ್ಮ?"

"ನೋಡಿದೆ ಮಗಾ" ಎಂದಳು ಅಮ್ಮ, ಮೂಗು ಒರೆಸಿಕೊಳ್ಳುತ್ತ. "ಇಷ್ಟು ವರ್ಷದಲ್ಲಿ ನೀನು ಇಷ್ಟು ಚಂದ ಸತ್ತದ್ದೇ ಇಲ್ಲ. ಒಂದೇ ಕೆಮ್ಮು! ನನಗೆ ತಡೆಯಲಾಗಲಿಲ್ಲ, ಅಲ್ಲಿಗೇ ಫೋನ್ ಆಫ್ ಮಾಡಿದೆ."