ಹೊನ್ನಾಳಿಗೆ ಹೋದ ಜಗಳೂರಿನ ಟಿಪ್ಪಣಿ

ಗ್ರಾಫಿನ ಮೇಲೆ ಟಿಪ್ಪಣಿ ಹಾಕುವುದು ಗೋಡೆಗೆ ಕ್ಯಾಲೆಂಡರ್ ತೂಗುಹಾಕಿದಷ್ಟೇ ಸುಲಭ ಎಂದು ನಂಬಿದವರಲ್ಲಿ ನಾನೂ ಒಬ್ಬ. ನಮ್ಮ ಮನೆಯಲ್ಲಿ ಕ್ಯಾಲೆಂಡರ್ ತೂಗುಹಾಕುವವಳು ನನ್ನ ಹೆಂಡತಿ ಎಂಬುದು ಬೇರೆ ಮಾತು.

ಕುರಿಗಳ ಲಸಿಕೆಯ ಲೆಕ್ಕ ನೋಡುವ ಕಚೇರಿಯಲ್ಲಿ ನನ್ನದು ಕಂಪ್ಯೂಟರ್ ಕೆಲಸ. ಒಂದು ಸಭೆಗಾಗಿ ಚನ್ನಗಿರಿ, ಜಗಳೂರು, ನ್ಯಾಮತಿ, ಹೊನ್ನಾಳಿ ಎಂದು ಅಕ್ಷರ ಕ್ರಮದಲ್ಲಿ ತಾಲ್ಲೂಕಿಗೊಂದರಂತೆ ನಾಲ್ಕು ಕಂಬಗಳ ಗ್ರಾಫ್ ಮಾಡಿದ್ದೆ. ಜಗಳೂರಿನ ಕಂಬ ಮಾತ್ರ ಮೋಟು. ಅಲ್ಲಿನ ಕುರಿಗಳು ಹಿಂಡುಹಿಂಡಾಗಿ ಮೇವು ಹುಡುಕಿಕೊಂಡು ಬೇರೆ ಕಡೆ ಹೋಗಿದ್ದವು. ಅಲ್ಲಿನ ಪಶುವೈದ್ಯರು ಬಸವರಾಜಪ್ಪನವರು ಫೋನ್ ಮಾಡಿ, “ಅದೊಂದು ಮಾತು ಕಂಬದ ಮೇಲೆ ಬರೀರಿ. ಮಗಳ ಮದುವೆಗೆ ರಜೆ ಕೇಳೀನಿ. ಕೆಲಸಾನೇ ಮಾಡಿಲ್ಲ ಅಂತ ಸಾಹೇಬ್ರಿಗೆ ಅನ್ಸಿದ್ರೆ ಕೊಡಾಕಿಲ್ಲ” ಎಂದರು. ನಾನು ಕಂಬದ ಮೇಲೆ ಒಂದು ಚೌಕ ಇಟ್ಟು, “ಮೇಯಲು ಹೊರಗೆ ಹೋಗಿರುವುದರಿಂದ ಕೆಲಸ ಆಗಿಲ್ಲ” ಎಂದು ಬರೆದೆ. ಜಾಗ ಸಾಲದೆ ‘ಕುರಿಗಳು’ ಎಂಬ ಪದ ಬಿಟ್ಟಿದ್ದೆ.

ಸಭೆಯ ಬೆಳಿಗ್ಗೆ ಸಾಹೇಬರು, “ಎತ್ತರದ ಕಂಬ ಮೊದಲು ಬರಲಿ” ಎಂದರು. ಕಂಬಗಳನ್ನು ಹಾಗೆಯೇ ಜೋಡಿಸಿದೆ. ಜಗಳೂರು ಕೊನೆಗೆ ಹೋಯಿತು, ಅದರ ಜಾಗಕ್ಕೆ ಹೊನ್ನಾಳಿ ಬಂತು. ಟಿಪ್ಪಣಿಯನ್ನು ನಾನು ಕಂಬಕ್ಕೆ ಕಟ್ಟಿರಲಿಲ್ಲ, ಪುಟದ ಮೇಲೆ ಸುಮ್ಮನೆ ಇಟ್ಟಿದ್ದೆ. ಅದು ಇದ್ದಲ್ಲೇ ಕೂತಿತು. ಬಣ್ಣ ಚೆನ್ನಾಗಿ ಬಂದಿದೆಯಲ್ಲ ಎಂಬ ಖುಷಿಯಲ್ಲಿ ನಾನು ಅತ್ತ ನೋಡಲೇ ಇಲ್ಲ.

ಪರದೆ ಬೆಳಗಿದ ಮೇಲೆ ಹೊನ್ನಾಳಿಯ ವೈದ್ಯೆ ಶೈಲಜಾ ಮೇಡಂ ನಿಧಾನವಾಗಿ ಎದ್ದರು. “ಸಾರ್, ಮಧ್ಯಾಹ್ನದ ಊಟ ಬಿಟ್ಟು ಕುರಿ ಹಿಂದೆ ಓಡಾಡೀವಿ. ಮೇಯಾಕೆ ಹೋದೋರು ಯಾರು ಅಂತ ಸ್ವಲ್ಪ ಹೇಳ್ತೀರಾ?”

ಸಾಹೇಬರ ಕಣ್ಣು ಕೊನೆಯ ಕಂಬದ ಮೇಲಿತ್ತು. “ಬಸವರಾಜಪ್ಪ, ನಿಮ್ಮದು ಇಷ್ಟು ಕಡಿಮೆ ಐತೆ, ಕಾರಣಾನೂ ಬರೆದಿಲ್ಲ. ರಜೆ ಮಾತು ಆಮೇಲೆ ನೋಡೋಣ.”

ಬಸವರಾಜಪ್ಪನವರು ನನ್ನ ಕಡೆ ತಿರುಗಿ, “ನಮ್ಮ ಕಾರಣ ಹೊನ್ನಾಳಿಗೆ ಹೆಂಗೆ ಹೋತ್ರೀ?” ಎಂದರು. ಆ ದನಿಯಲ್ಲಿ ಸಿಟ್ಟಿರಲಿಲ್ಲ, ಮಂಟಪ ಗೊತ್ತುಮಾಡಿದ ತಂದೆಯ ಗಾಬರಿಯಿತ್ತು.

ಎದ್ದುನಿಂತು ವಿಷಯ ಹೇಳಿದೆ. ಎಲ್ಲರೆದುರೇ ಆ ಚೌಕ ಅಳಿಸಿ, ಮಾತನ್ನು ಜಗಳೂರಿನ ಕಂಬದ ಹೆಸರಿನ ಜೊತೆಗೇ ಸೇರಿಸಿದೆ. ಈ ಸಲ ‘ಕುರಿಗಳು’ ಪದವನ್ನೂ ಹಾಕಿದೆ. ಕಂಬವನ್ನು ಆ ತುದಿಗೆ ಒಯ್ದರೆ ಮಾತೂ ಹಿಂದೆಯೇ ಹೋಯಿತು. ಶೈಲಜಾ ಮೇಡಂ ಕೂತರು. ಸಾಹೇಬರು ರಜೆಗೆ ಸಹಿ ಹಾಕಿದರು.

ಮದುವೆಗೆ ನನ್ನನ್ನೂ ಕರೆದಿದ್ದರು. ಪಂಕ್ತಿಯಲ್ಲಿ ಬಸವರಾಜಪ್ಪನವರ ತಾಯಿ ತುಪ್ಪ ಬಡಿಸುತ್ತಿದ್ದರು. ಅವರಿಗೆ ಮಗನ ಕಚೇರಿಯ ಕಥೆ ಅರೆಬರೆ ಕಿವಿಗೆ ಬಿದ್ದಿರಬೇಕು. ನನ್ನ ಎಲೆಯ ಮುಂದೆ ನಿಂತು, “ಕೆಲಸ ಬಿಟ್ಟು ಮೇಯಾಕೆ ಹೋದೋರು ಇವ್ರೇನಪ್ಪಾ?” ಎಂದು ಹಿಂದೆಯೇ ಬರುತ್ತಿದ್ದ ಮಗನನ್ನು ಕೇಳಿದರು.

ಅಲ್ಲ ಎನ್ನೋಣವೆಂದರೆ ಬಾಯಲ್ಲಿ ಮೂರನೆಯ ಹೋಳಿಗೆ ಇತ್ತು.