ಓದದೆ ಸಹಿ ಹಾಕದ ಮಾಮ

ನಮ್ಮ ಮಾಮನ ಕೈಯಿಂದ ಒಂದು ಸಹಿ ಹಾಕಿಸುವುದಕ್ಕಿಂತ ಕೋರ್ಟಿನಿಂದ ತಡೆಯಾಜ್ಞೆ ತರುವುದು ಸುಲಭ. ನಗಬೇಡಿ! ಪೆನ್ನು ಹಿಡಿದು ಅವರೆದುರು ಒಮ್ಮೆ ಕೂತು ನೋಡಿ, ಗೊತ್ತಾಗ್ತದೆ.

ಮಾಮ ಅಂದರೆ ನನ್ನ ಉಮ್ಮನ ತಮ್ಮ. ಈ ಕೊಲ್ಲಿ ದೇಶದ ಸಲ್ಮಾಬಾದಿನ ಗೋದಾಮಿನಲ್ಲಿ ಇಪ್ಪತ್ತೆರಡು ವರ್ಷದಿಂದ ಸ್ಟೋರ್ ಕೀಪರ್. ನಲವತ್ತೇಳನೇ ವಯಸ್ಸಿನಲ್ಲಿ ತಲೆಗೆ ಏನು ಹೊಕ್ಕಿತೋ, ಮನಾಮಾದ ಸಂಜೆ ಕಾಲೇಜಿನಲ್ಲಿ ಕಾನೂನು ಓದಲು ಸೇರಿಬಿಟ್ಟರು. ಮೊದಲ ದಿನ ಇವರು ಕ್ಲಾಸಿಗೆ ಕಾಲಿಟ್ಟ ಕೂಡಲೇ ಹುಡುಗರೆಲ್ಲ ಎದ್ದು ನಿಂತರಂತೆ. "ನಾನೂ ನಿಮ್ಮ ಹಾಗೇ ಓದಲು ಬಂದವನು" ಅನ್ನಬೇಕಲ್ಲ? ಊಹೂಂ! "ಕೂತ್ಕೊಳ್ಳಿ, ಮೊಬೈಲ್ ಒಳಗಿಡಿ" ಅಂದರಂತೆ. ನಿಜವಾದ ಮೇಷ್ಟ್ರು ಬಂದವರು, ಪಾಪ, ತಡವಾಯಿತೆಂದು ಇವರ ಹತ್ತಿರ ಕ್ಷಮೆ ಕೇಳಿದರಂತೆ!

ಅದೇ ಮೇಷ್ಟ್ರು ಎರಡನೇ ವಾರ ಒಂದು ಮಾತು ಹೇಳಿ ನಮ್ಮ ನೆಮ್ಮದಿ ಹಾಳು ಮಾಡಿದರು: "ಓದದೆ ಯಾವುದಕ್ಕೂ ಸಹಿ ಹಾಕಬೇಡಿ." ಹುಡುಗರು ಬರೆದುಕೊಂಡು ಮರೆತರು. ಮಾಮ ಬರೆದುಕೊಳ್ಳಲೂ ಇಲ್ಲ, ಮರೆಯಲೂ ಇಲ್ಲ.

ಹೂರಾದ ನಮ್ಮ ಫ್ಲಾಟಿಗೆ ಮಾಮಿ ತರಿಸಿದ ಕುಕ್ಕರಿನ ರಬ್ಬರು ಬಂತು. ಡೆಲಿವರಿಯವನು "ಚಾಚಾ, ಬಸ್ ಇಧರ್ ಸೈನ್" ಅಂದ. ಚಾಚಾ ಕನ್ನಡಕ ತಂದರು, ಅವನನ್ನು ಸೋಫಾದಲ್ಲಿ ಕೂರಿಸಿದರು, ಚೀಟಿಯ ಹಿಂಬದಿಯ ಸಣ್ಣಕ್ಷರ ಓದಲು ಶುರು ಮಾಡಿದರು. ಎರಡು ಸುಲೈಮಾನಿ ಚಹಾ ಕುಡಿದು ಮುಗಿಸಿದ ಅವನು ನನ್ನ ಹತ್ತಿರ ವೈಫೈ ಪಾಸ್‌ವರ್ಡ್ ಕೇಳಿದ! ಅಡುಗೆಮನೆಯಿಂದ ಮಾಮಿ, "ರಬ್ಬರ್ ಓದಿ ಆಯ್ತಾ? ನನಗೆ ಅನ್ನಕ್ಕೆ ಇಡ್ಬೇಕು" ಅಂತ ಕೂಗಿದರು.

ಇಂಥವರನ್ನು ನನ್ನ ಗೆಳತಿಯ ನಿಕಾಹ್‌ಗೆ ಸಾಕ್ಷಿ ಮಾಡಿದರಲ್ಲ, ಅವರಿಗೆ ಎಂತ ಹೇಳುವುದು! ಬಿರಿಯಾನಿ ಆರುತ್ತಿದೆ, ಮಾಮ ನಿಕಾಹ್ ಪುಸ್ತಕ ಓದುತ್ತಿದ್ದಾರೆ. ಕೊನೆಗೆ ತಲೆಯೆತ್ತಿ, "ಇದರಲ್ಲಿ ನಾಳೆಯ ತಾರೀಕು ಉಂಟು. ಮದುವೆ ನಾಳೆಯಾದ್ರೆ ಇವತ್ತು ಇಲ್ಲಿ ಕೂತ ಮದುಮಗ ಯಾರು?" ಅಂದರು. ಮದುಮಗ ಬೆವರಿದ ಬೆವರು ನೋಡಬೇಕಿತ್ತು!

ಇಷ್ಟರಲ್ಲಿ ಗೋದಾಮು ಮುಚ್ಚುವ ಸುದ್ದಿ ಬಂತು. ಎರಡು ತಿಂಗಳಲ್ಲಿ ಬೇರೆ ಕೆಲಸ ಸಿಗದಿದ್ದರೆ ವೀಸಾ ಇಲ್ಲ, ಕಾಲೇಜೂ ಇಲ್ಲ, ಗಂಟುಮೂಟೆ ಕಟ್ಟಿ ಮಂಗಳೂರು.

"ಬೇರೆ ಗೋದಾಮು ನೋಡಿ ಮಾಮ" ಅಂದೆ.

"ಬೇಕಾದ್ರೆ ವಕೀಲರ ಆಫೀಸಲ್ಲಿ ಕಸ ಗುಡಿಸ್ತೇನೆ. ಗೋದಾಮು ಸಾಕು ಮಾರಾಯ್ತಿ."

ಬಯೋಡೇಟಾ ಟೈಪ್ ಮಾಡಿದ್ದು ನಾನೇ. ವಿದ್ಯೆ: ಕಾನೂನು, ಮೊದಲ ವರ್ಷ. ಅನುಭವ: ಇಪ್ಪತ್ತೆರಡು ವರ್ಷ, ನಟ್ಟು ಬೋಲ್ಟು. ಒಂಬತ್ತು ಆಫೀಸು ಹತ್ತಿಳಿದರು. "ಪಾಸಾಗಿ ಬನ್ನಿ" ಅಂದವರೇ ಹೆಚ್ಚು. ಒಂದು ಕಡೆ ಸಂದರ್ಶನಕ್ಕೆ ಕರೆದರು. ಬಾಗಿಲಲ್ಲಿ ಕೊಟ್ಟ ಫಾರಂ ಇವರು ಓದಿ ಮುಗಿಸುವಷ್ಟರಲ್ಲಿ ಆಫೀಸಿನವರು ಮನೆಗೆ ಹೊರಟಿದ್ದರು! ನನಗೆ ರೇಗಿಹೋಯಿತು. "ಎಲ್ಲರ ಹಾಗೆ ಒಂದು ಗೀಚಿ ಒಳಗೆ ಹೋಗ್ಲಿಕ್ಕೆ ಎಂತ ನಿಮಗೆ?"

ಮಾಮ ಕನ್ನಡಕ ಒರೆಸಿದರು. "ಬಂದ ಹೊಸತರಲ್ಲಿ ಅರಬಿ ಕಾಗದ ಮುಂದಿಟ್ರು ಮಗಳೇ. ಎಂತ ಬರ್ದದ್ದು ಅಂತ ಕೇಳ್ಲಿಕ್ಕೆ ಹೆದರಿಕೆ. ಎಲ್ಲಿ ಸಹಿ ಅಂತ ಮಾತ್ರ ಕೇಳಿದೆ. ಆ ಸಹಿ ತೋರಿಸಿ ಮೂರು ವರ್ಷ ಊರಿಗೆ ಹೋಗ್ಲಿಕ್ಕೆ ಬಿಡ್ಲಿಲ್ಲ."

ಹತ್ತನೇ ಆಫೀಸಿಗೆ ನಾನೂ ಜೊತೆಗೆ ಹೋದೆ.

ಅಲ್ಲಿ ವಯಸ್ಸಾದ ಅರಬಿ ವಕೀಲರು. ಪರೀಕ್ಷೆಗೆಂದು ಒಂದು ಫೈಲು ಕೊಟ್ಟು, "ಪಕ್ಕದ ಆಫೀಸಿಗೆ ಮುಟ್ಟಿಸಿ ಬಾ, ಮೊದಲು ಈ ರಸೀದಿಗೆ ಸಹಿ ಹಾಕು" ಅಂದರು. ಮಾಮ ಕುರ್ಚಿ ಎಳೆದು ಕೂತರು. ಮುಗಿಯಿತು ಕಥೆ, ಅಂದುಕೊಂಡೆ. ಇಪ್ಪತ್ತು ನಿಮಿಷ ಕಳೆದ ಮೇಲೆ, "ರಸೀದಿಯಲ್ಲಿ ಹನ್ನೆರಡು ಹಾಳೆ, ಫೈಲಿನಲ್ಲಿ ಹನ್ನೊಂದು. ಸಹಿ ಹಾಕುವುದಿಲ್ಲ" ಅಂದರು. ಹನ್ನೆರಡನೆಯದು ವಕೀಲರ ಚಹಾದ ತಟ್ಟೆಯಡಿ ಸಿಕ್ಕಿತು! "ಖಲಾಸ್, ಇನ್ನು ಮಾತೇ ಬೇಡ, ನೀನೇ ನನಗೆ ಬೇಕಾದವನು" ಅಂತ ಅವರು ಹೊಟ್ಟೆ ಹಿಡಿದು ನಕ್ಕರು.

ಮರುವಾರ ನೇಮಕಾತಿ ಪತ್ರಕ್ಕೆ ಸಹಿ ಹಾಕಲು ಹೋದಾಗ ನಾನು ನೀರಿನ ಬಾಟಲಿ, ಚಾರ್ಜರ್ ಎಲ್ಲ ಹಿಡಿದೇ ಹೋಗಿದ್ದೆ. ಒಂದು ಗಂಟೆಯಂತೂ ಬೇಕಲ್ಲ? ಮಾಮ ಪೆನ್ನು ತೆಗೆದು, ಕೊನೇ ಹಾಳೆ ತಿರುಗಿಸಿ, ಸಹಿ ಹಾಕಿಬಿಟ್ಟರು!

"ಮಾಮಾ! ಓದ್ಲಿಲ್ಲ?"

"ಅಕ್ಷರ ಕಾಣುದಿಲ್ಲ ಮಗಳೇ."

ಕನ್ನಡಕ ಮೂಗಿನ ಮೇಲೇ ಇತ್ತು. ಕಣ್ಣು ತುಂಬಿತ್ತು. ಪತ್ರ ಎಳೆದುಕೊಂಡು ಮೊದಲ ಸಾಲಿನಿಂದ ಗಟ್ಟಿಯಾಗಿ ಓದಿದೆ, ಸಣ್ಣಕ್ಷರವನ್ನೂ ಬಿಡಲಿಲ್ಲ. ವರ್ಷಕ್ಕೊಮ್ಮೆ ರಜೆ, ಊರಿಗೆ ಹೋಗಿ ಬರಲು ಟಿಕೆಟ್ ಎಂಬಲ್ಲಿಗೆ ಬಂದಾಗ ಮಾಮ ನನ್ನ ಕೈ ಹಿಡಿದರು.

"ಆ ಸಾಲು ಇನ್ನೊಮ್ಮೆ ಓದು."

ಓದಿದೆ.